ಆಯಿಯ ಇನ್ನೊಂದು ತುಂಡು

ಮನುಷ್ಯನ ನಾಗರಿಕತೆಯಲ್ಲಿ ರಟ್ಟಿನ ಪಾತ್ರವೇನೆಂಬುದನ್ನು ಇದುವರೆಗೆ ಯಾರೂ ಗಂಭೀರವಾಗಿ ವಿಚಾರಿಸಿಲ್ಲ. ಕಲ್ಲಿನ ಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂದು ವಿಂಗಡಿಸುತ್ತ ಬಂದ ವಿದ್ವಾಂಸರು ರಟ್ಟಿನ ಹತ್ತಿರ ಬಂದಾಗ ಯಾಕೋ ಸುಮ್ಮನಾಗಿದ್ದಾರೆ. ಕಲ್ಲಿನಿಂದ ತಲೆ ಒಡೆಯುತ್ತದೆ, ಕಬ್ಬಿಣದಿಂದ ಕುತ್ತಿಗೆ ಹೋಗುತ್ತದೆ, ರಟ್ಟಿನಿಂದ ಏನಾದೀತು ಎಂಬ ಉಡಾಫೆ ಇರಬೇಕು. ಏನಾದೀತು ಎಂಬುದನ್ನು ಮುಂಬಯಿಯ ಜೋಗೇಶ್ವರಿ ಪೂರ್ವದ ಕನ್ನಡಿಗರು ಹೋದ ವರ್ಷ ಕಣ್ಣಾರೆ ಕಂಡರು. ಒಂದು ಹೋಟೆಲಿನ ಗಲ್ಲಾ ಕೈ ಬದಲಾಯಿಸಿತು. ಒಂದು ಮನೆಯ ಹಳೆಯ ಮದುವೆಯ ಸಂಗತಿ ಚಾಳಿನ ನಲ್ಲಿಯ ತನಕ ಬಂತು. ಒಬ್ಬ ಮುದುಕಿ ತನ್ನ ಮನೆಯಲ್ಲಿ ತಾನು ಯಾರು ಎಂದು ಕೇಳಬೇಕಾಯಿತು. ಇಷ್ಟಕ್ಕೂ ಕಾರಣ ಅಂಗೈಯಗಲದ ರಟ್ಟಿನ ತುಂಡುಗಳು, ಮತ್ತು ಅವುಗಳನ್ನು ಅತ್ಯಂತ ಅಚ್ಚುಕಟ್ಟಾಗಿ ಕತ್ತರಿಸಿದ ಶಿವಪುತ್ರಪ್ಪ.

ಶಿವಪುತ್ರಪ್ಪ ವಿಜಯಪುರದ ಸಿಂದಗಿ ಕಡೆಯವನು. ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮಿಠಾಯಿ ಡಬ್ಬಿ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಡಿಸ್ಪ್ಯಾಚ್ ಕ್ಲರ್ಕು. ವಾರವೆಲ್ಲ ಅವನನ್ನು ಅಲ್ಲಿ 'ಅರೇ ಶಿವಾ' ಎಂದು ಕರೆಯುತ್ತಿದ್ದರು. ಟೆಂಪೋ ಡ್ರೈವರುಗಳು ಅದನ್ನೂ ಅರ್ಧಕ್ಕೆ ನಿಲ್ಲಿಸಿ ಬರೀ 'ಅರೇ' ಅನ್ನುತ್ತಿದ್ದರು. ರವಿವಾರ ಬೆಳಿಗ್ಗೆ ಮಾತ್ರ ಅವನು 'ಸರ್'. ಕನ್ನಡ ಸಂಘದ ಮೊದಲ ಮಹಡಿಯ ಕೋಣೆಯಲ್ಲಿ, ಹಿಂದಿಯಲ್ಲಿ ಜಗಳಾಡುವ, ಇಂಗ್ಲಿಷಿನಲ್ಲಿ ಸಾರಿ ಕೇಳುವ ಕನ್ನಡದ ಮಕ್ಕಳಿಗೆ ಅವನು ಕನ್ನಡ ಕಲಿಸುತ್ತಿದ್ದ. ಆ ಒಂದು ಬೆಳಗಿನ 'ಸರ್' ಅವನನ್ನು ಮುಂದಿನ ಶನಿವಾರದವರೆಗೆ ನೆಟ್ಟಗೆ ನಿಲ್ಲಿಸುತ್ತಿತ್ತು.

ಈ ತರಗತಿ ಹುಟ್ಟಿದ್ದು ಒಂದು ಶಬ್ದದಿಂದ. ಅವನ ಮಗಳು ರೂಪಾಲಿ ಒಂದನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಮರಾಠಿ ಶಿಕ್ಷಕಿ, ನಾಳೆ ಆಯಿಯನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದರು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ವಿಜಯಪುರದ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ರೂಪಾಲಿ ಹೇಳಿದ ಮಾತು ಕೇಳುವ ಹುಡುಗಿ. ಮರುದಿನ ಅಜ್ಜಿ ಬಸಲಿಂಗವ್ವನ ಸೆರಗು ಹಿಡಿದು ಶಾಲೆಗೆ ಕರೆದೊಯ್ದಳು. ಬಸಲಿಂಗವ್ವ ಮಕ್ಕಳ ಬೆಂಚಿನ ಮೇಲೆ ಕೂತು, ಮರಾಠಿಯಲ್ಲಿ ಬಂದ ದೂರುಗಳನ್ನೆಲ್ಲ ತಲೆಯಾಡಿಸುತ್ತ ಕೇಳಿ, ಕೊನೆಗೆ ಕನ್ನಡದಲ್ಲಿ ಶಿಕ್ಷಕಿಯ ಊರು, ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸಿ ಬಂದಳು. ಇಬ್ಬರಿಗೂ ಸಮಾಧಾನವಾಯಿತು. ತಾಯಿಯ ವಯಸ್ಸಿನ ಬಗ್ಗೆ ಮಾತ್ರ ಶಿಕ್ಷಕಿಗೆ ಸಣ್ಣ ಅನುಮಾನ ಉಳಿಯಿತಂತೆ. ಸುದ್ದಿ ಕೇಳಿ ಹೆಂಡತಿ ಸಾವಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಿವಪುತ್ರಪ್ಪ ನಗಲಿಲ್ಲ. ಮಕ್ಕಳಿಗೆ ಕನ್ನಡ ಹೇಳಿಕೊಡದೆ ಹೋದರೆ ಮನೆಯಲ್ಲಿ ಯಾರು ಯಾರೆಂಬುದೇ ತಿಳಿಯದಂತಾದೀತು ಎಂದು ಘೋಷಿಸಿ, ಅದೇ ವಾರ ಸೀಮೆಸುಣ್ಣ ಕೊಂಡ.

ಅಲ್ಲಿಂದ ಮುಂದೆ ಬಹಳ ಕಾಲ ಆ ಕೋಣೆಯನ್ನು ರವಿವಾರ ಬೇರೆ ಯಾರೂ ಕೇಳಿರಲಿಲ್ಲ. ಹೋದ ವರ್ಷ ಝುಂಬಾ ಕೇಳಿತು. ಸುತ್ತಲಿನ ಬಿಲ್ಡಿಂಗುಗಳ ಹೆಂಗಸರು ಗುಂಪು ಕಟ್ಟಿಕೊಂಡು ಬಂದು, ರವಿವಾರ ಬೆಳಿಗ್ಗೆ ತಮಗೆ ಕುಣಿಯಲು ಜಾಗ ಬೇಕೆಂದರು. ಸಂಘದ ಅಧ್ಯಕ್ಷ ಕೊರಗಪ್ಪ, ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುವ ಉಡುಪಿ ಕಡೆಯ ಹಿರಿಯ, ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ. ಅವನ ಮೊಮ್ಮಗಳು ಯಕ್ಷಿತಾ ಶಿವಪುತ್ರಪ್ಪನ ತರಗತಿಯಲ್ಲಿದ್ದಳು, ಅವನ ಹೆಂಡತಿ ಅಕ್ಕುವಿನ ಗೆಳತಿಯರು ಝುಂಬಾದಲ್ಲಿದ್ದರು.

"ನನಗೆ ಎರಡೂ ಬೇಕು ಮಾಸ್ಟ್ರೇ" ಎಂದ ಕೊರಗಪ್ಪ. "ಆದ್ರೆ ಕಮಿಟಿಯವ್ರು ಕೇಳುದು, ಇಷ್ಟು ವರ್ಷದಲ್ಲಿ ಮಕ್ಕಳಿಗೆ ಎಂತ ಬರ್ತದೆ ಅಂತ. ಝುಂಬಾದವ್ರು ಬೇಕಾದ್ರೆ ಈಗ್ಲೇ ಕುಣಿದು ತೋರಿಸ್ತಾರೆ. ನೀವು ಎಂತ ತೋರಿಸ್ತೀರಿ?"

ಕೊನೆಗೆ ಒಂದು ನ್ಯಾಯ ತೀರ್ಮಾನವಾಯಿತು. ಬಾಂದ್ರಾದಲ್ಲಿ ಕನ್ನಡ ಶಿಕ್ಷಕರಿಗೆ ತರಬೇತಿ ಕೊಡುವ ಸಂಸ್ಥೆಯ ಜ್ಯೋತ್ಸ್ನಾ ಮೇಡಂ ತಿಂಗಳ ಕೊನೆಯ ರವಿವಾರ ಬಂದು ಮಕ್ಕಳನ್ನು ನೋಡುವುದು. ಕಲಿತಿದ್ದಾರೆ ಎಂದು ಅವರು ಹೇಳಿದರೆ ಕೋಣೆ ಕನ್ನಡಕ್ಕೆ, ಇಲ್ಲವಾದರೆ ಝುಂಬಾಕ್ಕೆ. ಶಿವಪುತ್ರಪ್ಪ ಆಗಲಿ ಎಂದು ಮನೆಗೆ ಬಂದ. ಬಂದಮೇಲೆ ಅವನಿಗೆ ಹೊಳೆದದ್ದೇನೆಂದರೆ, ಕೋಣೆ ಹೋದರೆ ಮಕ್ಕಳು ಒಂದು ತರಗತಿ ಕಳೆದುಕೊಳ್ಳುತ್ತಾರೆ, ತಾನು ವಾರದ ಏಳೂ ದಿನ 'ಅರೇ' ಆಗುತ್ತೇನೆ.

ಮೇಡಂ ಬರುವ ಮೊದಲು ಮೇಡಂ ಏನು ಇಷ್ಟಪಡುತ್ತಾರೆಂದು ತಿಳಿಯುವುದು ಜಾಣತನ. ಆದ್ದರಿಂದ ಅವನು ಬಾಂದ್ರಾದ ಆ ಸಂಸ್ಥೆಯ ಒಂದು ದಿನದ ತರಬೇತಿಗೆ ತಾನೇ ಹೆಸರು ಕೊಟ್ಟು ಹೋದ. ಜ್ಯೋತ್ಸ್ನಾ ಮೇಡಂ ಅಲ್ಲಿ, ಕಲಿತ ಪಾಠವನ್ನು ಮತ್ತೆ ಮತ್ತೆ ಓದಿಸುವ ಬದಲು ಆಡಿಸಬೇಕು ಎಂದರು. ಒಂದು ರಟ್ಟಿನ ಚೀಟಿಯ ಎಡಭಾಗದಲ್ಲಿ ಪದ, ಬಲಭಾಗದಲ್ಲಿ ಅರ್ಥ ಬರೆದು ನಡುವೆ ಅಂಕುಡೊಂಕಾಗಿ ಕತ್ತರಿಸಬೇಕು. ಎಲ್ಲ ತುಂಡುಗಳನ್ನೂ ಕಲೆಸಿ ಮಕ್ಕಳ ಮುಂದೆ ಸುರಿಯಬೇಕು. ಮಗು ಪದಕ್ಕೆ ಅರ್ಥವನ್ನು ಹುಡುಕಿ ಜೋಡಿಸಬೇಕು.

"ಸರಿಯಾದ ಜೋಡಿ ಮಾತ್ರ ಕೂಡುತ್ತದೆ, ತಪ್ಪು ಜೋಡಿ ಕೂಡುವುದೇ ಇಲ್ಲ" ಎಂದು ಮೇಡಂ ಪುಸ್ತಕದ ಕನ್ನಡದಲ್ಲಿ ಹೇಳಿದರು. "ತಪ್ಪನ್ನು ಚೀಟಿಯೇ ತಿದ್ದುತ್ತದೆ. ಶಿಕ್ಷಕ ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ."

ಈ ಕೊನೆಯ ಮಾತು ಶಿವಪುತ್ರಪ್ಪನಿಗೆ ನಾಟಿತು. ಪ್ರತಿಯೊಂದು ಜೋಡಿಯನ್ನೂ ಕತ್ತರಿಯಿಂದ ಬೇರೆ ಬೇರೆ ಡೊಂಕಿನಲ್ಲಿ ಕತ್ತರಿಸಬೇಕು ಎಂದು ಮೇಡಂ ಅದಕ್ಕೆ ಮೊದಲು ಹೇಳಿದ್ದರು. ಅದು ಅವನಿಗೆ ನಾಟಲಿಲ್ಲ. ಹಗಲೆಲ್ಲ ಪಂಚಿಂಗ್ ಮಶೀನಿನ ಸದ್ದಿನಲ್ಲಿ ಬದುಕುವ ಮನುಷ್ಯನಿಗೆ ಕತ್ತರಿ ಹಿಡಿದು ರಟ್ಟು ಕತ್ತರಿಸಿ ಎನ್ನುವುದು, ಲೋಕಲ್ ಟ್ರೇನಿನ ಮೋಟರ್‌ಮನ್‌ಗೆ ಸೈಕಲ್ ಮೇಲೆ ವಿರಾರಿಗೆ ಹೋಗಿ ಬಾ ಎಂದಂತೆ. ಅವನು ಸೇಠನ ಹತ್ತಿರ ಉಳಿಕೆ ರಟ್ಟು ಕೇಳಿದ. ಸೇಠ ಉದಾರಿ, ಯಾರೋ ರದ್ದು ಮಾಡಿದ ಆರ್ಡರಿನ ಮಿಠಾಯಿ ಡಬ್ಬಿಯ ರಟ್ಟನ್ನೂ ಅದರ ಅಚ್ಚನ್ನೂ ಕೊಟ್ಟ. ಆ ಅಚ್ಚಿನಲ್ಲಿ ಒಂದು ಕಡೆ ನಾಲಿಗೆಯಂಥ ಚಾಚು, ಇನ್ನೊಂದು ಕಡೆ ಅದು ಕೂರುವ ಸೀಳು. ಡಬ್ಬಿ ಮುಚ್ಚಿದರೆ ಟಕ್ ಎಂದು ಹಿಡಿದುಕೊಳ್ಳುತ್ತದೆ, ಎರಡು ಸೇರು ಪೇಡೆ ತುಂಬಿದರೂ ಬಿಚ್ಚುವುದಿಲ್ಲ. ಶಿವಪುತ್ರಪ್ಪ ಎಡತುಂಡುಗಳಿಗೆಲ್ಲ ಆ ನಾಲಿಗೆ ಬರುವಂತೆ, ಬಲತುಂಡುಗಳಿಗೆಲ್ಲ ಆ ಸೀಳು ಬರುವಂತೆ ಒಂದೇ ಅಚ್ಚಿನಲ್ಲಿ ಹೊಡೆಸಿಬಿಟ್ಟ. ಹಿಂಬದಿಯಲ್ಲಿ ಲಡ್ಡುಗಳ ಚಿತ್ರವಿತ್ತು. ಅದರಿಂದ ಮಕ್ಕಳಿಗೆ ಆಸಕ್ತಿ ಹೆಚ್ಚೀತು ಎಂದು ಹಾಗೇ ಬಿಟ್ಟ.

ಪಾಠಕ್ಕೆ ಆರಿಸಿದ್ದು ಸಂಬಂಧಗಳ ಪದಗಳನ್ನು. ಅಪ್ಪ, ತಂದೆ. ಅವ್ವ, ಹೆತ್ತವಳು. ಆಯಿ, ಅಪ್ಪನ ತಾಯಿ. ಸೋದರಮಾವ, ಅವ್ವನ ತಮ್ಮ. ಗಂಡ, ತಾಳಿ ಕಟ್ಟಿದವನು. ಹೆಂಡತಿ, ತಾಳಿ ಕಟ್ಟಿಸಿಕೊಂಡವಳು. ಅಳಿಯ, ಮಗಳ ಗಂಡ. ಯಜಮಾನ ಎಂಬ ಪದದ ಮುಂದೆ ಮಾತ್ರ ಏಕವಚನ ಬರೆಯಲು ಅವನಿಗೆ ಕೈ ಬರಲಿಲ್ಲ, 'ಮನೆ ನಡೆಸುವವರು' ಎಂದು ಗೌರವದಿಂದ ಬರೆದ. ಕನ್ನಡದಲ್ಲಿ ಗೌರವಕ್ಕೆ ಲಿಂಗಭೇದವಿಲ್ಲ. ಇದು ಮುಂದೆ ಕೆಲಸಕ್ಕೆ ಬರಲಿದೆ.

ಪ್ರತಿಯೊಂದು ಜೋಡಿಯನ್ನೂ ನಾಲ್ಕಾರು ಪ್ರತಿ ಬರೆದು ಮುಗಿಸಿ ಅವನು ಪರೀಕ್ಷೆ ಮಾಡಿದ. ಇದನ್ನು ಅವನ ಪರವಾಗಿ ಹೇಳಲೇಬೇಕು. ಒಂದೊಂದೇ ಸರಿಯಾದ ಜೋಡಿಯನ್ನು ಎತ್ತಿ ಕೂಡಿಸಿದ. ಟಕ್. ಎಲ್ಲವೂ ಕೂಡಿದವು. ತಪ್ಪು ಜೋಡಿಯೊಂದನ್ನು ಕೂಡಿಸಿ ನೋಡಬೇಕೆಂದು ಅವನಿಗೆ ಅನ್ನಿಸಲಿಲ್ಲ. ಸರಿಯಾದದ್ದು ಸರಿಯಾಗಿದೆಯೇ ಎಂದಷ್ಟೇ ನೋಡಿ ಮಲಗುವುದು ಮನುಷ್ಯಜಾತಿಯ ಹಳೆಯ ಅಭ್ಯಾಸ. ಶಿವಪುತ್ರಪ್ಪನೊಬ್ಬನನ್ನೇ ಅದಕ್ಕೆ ದೂರಿ ಫಲವಿಲ್ಲ.

ಮುಂದಿನ ರವಿವಾರ ತುಂಡುಗಳನ್ನು ಚಾಪೆಯ ಮೇಲೆ ಸುರಿದು, ಚೀಟಿಯೇ ತಿದ್ದುತ್ತದೆ ಎಂಬ ತತ್ವಕ್ಕೆ ನಿಷ್ಠನಾಗಿ, ಅವನು ಬಾಯಿ ಮುಚ್ಚಿಕೊಂಡು ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂತ. ಕೋಣೆಯಲ್ಲಿ ಟಕ್ ಟಕ್ ಎಂಬ ಸದ್ದು ತುಂಬಿತು. ಫಿಟ್ ಹೋ ಗಯಾ ಸರ್ ಎಂದು ಒಂದು ಮೂಲೆ, ಮೇರಾ ಭೀ ಎಂದು ಇನ್ನೊಂದು ಮೂಲೆ. ಒಬ್ಬರಿಗೂ ತೊಡಕಾಗಲಿಲ್ಲ. ಇಷ್ಟು ವರ್ಷ ತಾನು ಮಾತಾಡಿದ್ದೇ ತಪ್ಪಾಯಿತೇನೋ, ಸುಮ್ಮನಿದ್ದಿದ್ದರೆ ಇವರೆಲ್ಲ ಎಂದೋ ಪಂಡಿತರಾಗುತ್ತಿದ್ದರು ಎಂದು ಅವನಿಗೆ ಒಳಗೊಳಗೇ ಪಶ್ಚಾತ್ತಾಪವಾಯಿತು.

ಆ ಹೊತ್ತಿಗೆ ಯಕ್ಷಿತಾ 'ಅಪ್ಪ'ನನ್ನು 'ಹೆತ್ತವಳು' ಜೊತೆ ಕೂಡಿಸಿದ್ದಳು. ಅವಳ ಮನೆಯ ತುಳುವಿನಲ್ಲಿ ತಾಯಿಗೆ ಅಪ್ಪೆ ಎನ್ನುತ್ತಾರೆ. ತಂದೆಗೂ ತಾಯಿಗೂ ನಡುವೆ ಇರುವುದು ಒಂದು ಎತ್ವದ ಅಂತರ, ಅಷ್ಟನ್ನು ರಟ್ಟು ಎಲ್ಲಿಂದ ಗಮನಿಸಬೇಕು? 'ಅಳಿಯ'ನಿಗೆ ಅವಳು ಮನೆ ನಡೆಸುವ ಕೆಲಸ ಕೊಟ್ಟಳು. ಪಕ್ಕದ ಚಾಳಿನ ನವೀನ 'ಸೋದರಮಾವ'ನಿಂದ ತಾಳಿ ಕಟ್ಟಿಸಿದ. ರೂಪಾಲಿ ಬಹಳ ಹೊತ್ತು ಯೋಚಿಸಿ, ಶಾಲೆಯಲ್ಲಿ ಕಲಿತದ್ದನ್ನು ನೆನೆದು, 'ಆಯಿ'ಗೆ 'ಹೆತ್ತವಳು' ಎಂಬ ಇನ್ನೊಂದು ಪ್ರತಿಯನ್ನು ಸೇರಿಸಿದಳು. ಕಲಿತದ್ದು ಮನೆಯ ತನಕ ಹೋಗಬೇಕು ಎಂದೂ ಮೇಡಂ ತರಬೇತಿಯಲ್ಲಿ ಹೇಳಿದ್ದರು. ಶಿವಪುತ್ರಪ್ಪ ಪ್ರತಿಯೊಂದು ಮಗುವಿಗೂ, ನಿನಗೆ ಇಷ್ಟವಾದ ಒಂದು ಜೋಡಿ ಮನೆಗೆ ಒಯ್ದು ತೋರಿಸು ಎಂದ. ಚೀಟಿಗಳು ಜೋಗೇಶ್ವರಿಯಲ್ಲಿ ಹರಡಿದವು.

ಮೊದಲ ಚೀಟಿ ಅವನ ಮನೆಯಲ್ಲೇ ತೆರೆಯಿತು. ಬಸಲಿಂಗವ್ವನಿಗೆ ಓದು ಬಾರದು. ಅದರೊಳಗ ಏನೈತಿ ಓದು ಎಂದು ಮೊಮ್ಮಗಳನ್ನು ಕೂರಿಸಿಕೊಂಡಳು. ರೂಪಾಲಿ ಬೆರಳಿಟ್ಟು ಓದಿದಳು, "ಆಯಿ. ಹೆತ್ತವಳು."

"ಯಾರನ್ನ?"

"ನನ್ನನ್ನ."

"ನಿನ್ನ ಹೆತ್ತಾಕಿ ಅಲ್ಲಿ ರೊಟ್ಟಿ ಬಡ್ಯಾಕತ್ತಾಳ. ಹಂಗಾದ್ರ ನಾ ಯಾರು?"

ರೂಪಾಲಿ ಯೋಚಿಸಿದಳು. ಅದು ಬೇರೆ ಕಾರ್ಡಿನಲ್ಲಿರಬೇಕು ಎಂದಳು. ಒಳಗೆ ಸಾವಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಬಡಿತ ಮಾತ್ರ ಸ್ವಲ್ಪ ಹಗುರವಾಯಿತು. ಬಸಲಿಂಗವ್ವನ ಕಿವಿ ಚುರುಕು, ಅದೂ ಅವಳಿಗೆ ಕೇಳಿತು. ಶಿವಪುತ್ರಪ್ಪ ಬಂದು ಚೀಟಿ ನೋಡಿ, ಹುಡುಗಿ ಜೋರು ಮಾಡಿ ಕೂಡಿಸಿದ್ದಾಳೆ, ಕೈ ಅವರವ್ವನ ಹಾಗೆ ಬಲವಾದದ್ದು ಎಂದ. ತುಂಡು ಬಿಡಿಸಿ ಸರಿಯಾದ ತುಂಡು ಹಾಕಿ ತೋರಿಸಿದ. ಟಕ್. ನೋಡು, ಈಗ ಹ್ಯಾಂಗ ಕೂಡ್ತು ಎಂದು ತಾಯಿಗೆ ಹೇಳಿದ. ಮೊದಲಿನದೂ ಹಂಗ ಕೂಡಿತ್ತಲ್ಲೋ ಎಂದಳು ಬಸಲಿಂಗವ್ವ. ಆ ಮಾತಿನಲ್ಲಿ ಇಡೀ ಅನಾಹುತದ ಮೂಲವಿತ್ತು. ಶಿವಪುತ್ರಪ್ಪ ಅದನ್ನು ಮುದುಕಿಯ ಹಟ ಎಂದು ಬಗೆದು ಊಟಕ್ಕೆ ಕೂತ. ಅಂದಿನಿಂದ ಬಸಲಿಂಗವ್ವ, ರೂಪಾಲಿ ಆಯಿ ಎಂದು ಕರೆದಾಗಲೆಲ್ಲ, ಯಾರನ್ನ ಕರ್ಯಾಕತ್ತಿ ನೋಡು ಎಂದು ಅಡುಗೆಮನೆಯ ಕಡೆ ಕೈ ತೋರಿಸತೊಡಗಿದಳು.

ಮರುದಿನ ನವೀನನ ಅಜ್ಜಿ ರಾಚವ್ವ ಬಾಗಿಲಲ್ಲಿ ನಿಂತಳು. ಅವಳ ಮನೆಯ ಸಂಗತಿ ಹೀಗೆ: ಅವಳ ಮಗ ಮದುವೆಯಾಗಿದ್ದು ತನ್ನ ಅಕ್ಕನ ಮಗಳನ್ನು. ಊರ ಕಡೆ ಇದು ಸೀರೆಯ ಸೆರಗಿನಷ್ಟು ಸಹಜ. ಚಾಳಿನ ಮರಾಠಿ ನೆರೆಯವರು ಮಾತ್ರ ಮಾವನನ್ನೇ ಮದುವೆಯೇ ಎಂದು ಹುಬ್ಬು ಏರಿಸುತ್ತಾರೆಂದು, ಸೊಸೆ ದೂರದ ಬಳಗದವಳು ಎಂದು ಅವಳು ಬಂದ ಹೊಸದರಲ್ಲಿ ಹೇಳಿಬಿಟ್ಟಿದ್ದಳು. ಅದೇ ಮಾತು ಇಷ್ಟು ವರ್ಷ ನಿಂತಿತ್ತು. ಈಗ ನವೀನ 'ಸೋದರಮಾವ, ತಾಳಿ ಕಟ್ಟಿದವನು' ಎಂಬ ಚೀಟಿ ಹಿಡಿದು ಚಾಳಿನ ಪ್ರತಿಯೊಂದು ಬಾಗಿಲಿಗೂ ಹೋಗಿ, ತಿಳಿಯದವರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ್ದ.

"ಸರ, ನಮ್ಮ ಮನೀ ಸುದ್ದಿ ನಿಮಗ ಯಾರು ಹೇಳಿದ್ರು?" ಎಂದಳು ರಾಚವ್ವ.

ಹುಡುಗ ಓದಿದ್ದನ್ನು ಕೇಳಿ ಮುದುಕಿ ಹೊಗಳಲು ಬಂದಿದ್ದಾಳೆ ಎಂದುಕೊಂಡ ಶಿವಪುತ್ರಪ್ಪ. "ನಾ ಏನೂ ಹೇಳಿಕೊಟ್ಟಿಲ್ಲಬೇ. ಹುಡುಗ ಭಾಳ ಶ್ಯಾಣ್ಯಾ ಅದಾನ. ಅಂವಗ ತಾನ ತಿಳೀತು."

"ತಾನ ತಿಳೀತು?"

"ಹಂಗ ನೋಡಿದ್ರ ಎಲ್ಲಾ ಹುಡುಗೂರಿಗೂ ತಿಳದೈತಿ."

ರಾಚವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಒಂದು ಮಾತೂ ಆಡದೆ ಹೋದಳು. ಬಸಲಿಂಗವ್ವನ ಕಡೆ ತಿರುಗಿ, ನೋಡಿದ್ಯಾ, ಖುಷಿಯಾಗಿ ಮಾತೇ ಹೊರಡಲಿಲ್ಲ ಅವಳಿಗೆ ಎಂದ ಶಿವಪುತ್ರಪ್ಪ.

ಇಷ್ಟಾದರೂ ಇದು ಚಾಳಿನ ಮಟ್ಟದ ಗದ್ದಲ. ನಿಜವಾದ ಬೆಂಕಿ ಹತ್ತಿದ್ದು ಸ್ಟೇಷನ್ನಿನ ಹತ್ತಿರ. ಕೊರಗಪ್ಪನ ಹೋಟೆಲಿನಲ್ಲಿ ಅವನಿಗೆ ಇಬ್ಬರು ಅಳಿಯಂದಿರು. ಒಬ್ಬ ಸುಹಾಸ, ಅಕ್ಕನ ಮಗ. ಅಡಿಗೆಮನೆ ಅವನದು. ಇನ್ನೊಬ್ಬ ಹಿತೇಶ್, ಮಗಳ ಗಂಡ, ಯಕ್ಷಿತಾಳ ತಂದೆ. ಪಾರ್ಸೆಲ್ಲು, ಫೋನಿನ ಆರ್ಡರು ಅವನವು. ಕೊರಗಪ್ಪನ ಕಡೆ ಹಿಂದೆ ಮನೆತನ ನಡೆಯುತ್ತಿದ್ದದ್ದು ಅಳಿಯಕಟ್ಟಿನಲ್ಲಿ, ಅಂದರೆ ಯಜಮಾನನ ನಂತರ ಅಕ್ಕತಂಗಿಯರ ಮಗ. ಈಗಿನದು ಮಗಳು, ಮಗಳ ಗಂಡ ಎಂಬ ಕಾಲ. ಮೊಣಕಾಲು ನೋವಿನ ಕೊರಗಪ್ಪ ಗಲ್ಲಾದಿಂದ ಎದ್ದರೆ ಆ ಕುರ್ಚಿಯಲ್ಲಿ ಯಾರು ಎಂಬ ಪ್ರಶ್ನೆ ಆ ಮನೆಯಲ್ಲಿ ಬಹಳ ವರ್ಷಗಳಿಂದ ಇತ್ತು. ಅದನ್ನು ಯಾರೂ ಆಡದೆ ಇದ್ದದ್ದರಿಂದ ಇಡ್ಲಿ ಮೆತ್ತಗೆ ಬರುತ್ತಿತ್ತು. ಈಗ ಯಕ್ಷಿತಾ 'ಅಳಿಯ, ಮನೆ ನಡೆಸುವವರು' ಎಂಬ ಚೀಟಿಯನ್ನು ಗಲ್ಲಾದ ಗಾಜಿಗೆ, ದೇವರ ಪಟದ ಕೆಳಗೆ, ಅಂಟಿಸಿದಳು. ಕೊರಗಪ್ಪ ಅದನ್ನು ಸಂಘದ ಯಾವುದೋ ಘೋಷಣೆ ಎಂದುಕೊಂಡ. ಅಳಿಯಂದಿರು ಹಾಗೆ ಅಂದುಕೊಳ್ಳಲಿಲ್ಲ. ಮಾವ ಬಾಯಿಬಿಟ್ಟು ಹೇಳಲಾರದೆ ಮೇಷ್ಟ್ರ ಕೈಯಲ್ಲಿ ಬರೆಸಿದ್ದಾರೆ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೊಳೆಯಿತು. ಆದರೆ ಯಾವ ಅಳಿಯ?

ಬುಧವಾರ ಶಿವಪುತ್ರಪ್ಪ ಚಹಾಕ್ಕೆ ಹೋದಾಗ ಸುಹಾಸ ತಾನೇ ಬಂದು ಮುಂದೆ ಶೀರಾ ಇಟ್ಟು, ಬಿಲ್ಲು ಬೇಡ ಎಂದ. ಎದುರಿಗೆ ಕೂತು ದನಿ ತಗ್ಗಿಸಿದ. "ಸರ್, ನನಗೊಂದು ಡೌಟ್. ಅಳಿಯ ಅಂದ್ರೆ ಕರೆಕ್ಟ್ ಯಾರು?"

ಹೋಟೆಲಿನವನಿಗೂ ವ್ಯಾಕರಣದಲ್ಲಿ ಆಸಕ್ತಿ ಹುಟ್ಟಿದೆಯಲ್ಲ ಎಂದು ಶಿವಪುತ್ರಪ್ಪನ ಎದೆ ತುಂಬಿತು. ಅಕ್ಕನ ಮಗನಿಗೂ ಅಳಿಯ ಅಂತಾರ, ಅದು ಭಾಳ ಹಳೇ ಬಳಕೆ, ಹಳೇದಕ್ಕ ತೂಕ ಹೆಚ್ಚು ಎಂದು ವಿವರಿಸಿದ. ಸುಹಾಸ ಇನ್ನೊಂದು ಚಮಚ ತುಪ್ಪ ಹಾಕಿಸಿದ.

ಗುರುವಾರ ಹಿತೇಶ್ ಅವನನ್ನು ಸ್ಟೇಷನ್ನಿನ ಮೆಟ್ಟಿಲ ಮೇಲೆ ಹಿಡಿದು ಅದೇ ಪ್ರಶ್ನೆ ಕೇಳಿದ. ಊರಿನಲ್ಲಿ ಕನ್ನಡದ ಅಲೆ ಎದ್ದಿದೆ ಎಂದು ಶಿವಪುತ್ರಪ್ಪನಿಗೆ ಖಚಿತವಾಯಿತು. ಮಗಳ ಗಂಡ ಅನ್ನೂದು ಮೊದಲನೇ ಅರ್ಥ, ನಾನು ಚೀಟಿಗೆ ಬರದದ್ದೂ ಅದನ್ನ ಎಂದ. ಹಿತೇಶ್ ಅವನ ಕೈ ಎರಡೂ ಕೈಯಲ್ಲಿ ಹಿಡಿದು ಥ್ಯಾಂಕ್ಯೂ ಎಂದ. ತಿಂಗಳ ಕೊನೆ ಹತ್ತಿರವಾಗುತ್ತಿತ್ತು. ಇಷ್ಟು ಜನರ ಬೆಂಬಲವಿರುವಾಗ ಝುಂಬಾ ಏನು ಮಾಡೀತು ಎಂದು ಶಿವಪುತ್ರಪ್ಪ ನಿಶ್ಚಿಂತನಾದ.

ಶನಿವಾರ ಬೆಳಿಗ್ಗೆ, ನಾಷ್ಟಾದ ಗದ್ದಲದ ಹೊತ್ತಿನಲ್ಲಿ, ಕೊರಗಪ್ಪ ಕೈ ತೊಳೆಯಲು ಎದ್ದು ಬರುವಷ್ಟರಲ್ಲಿ ಗಲ್ಲಾದ ಕುರ್ಚಿಯ ಎಡತೋಳನ್ನು ಸುಹಾಸ, ಬಲತೋಳನ್ನು ಹಿತೇಶ್ ಹಿಡಿದಿದ್ದರು. ಇಬ್ಬರೂ ನಗುತ್ತಲೇ ಇದ್ದರು. ನೀವು ಬಿಡಿ, ನಾನು ಕೂರ್ತೇನೆ ಎಂದು ಒಬ್ಬ, ಇಲ್ಲ ನಾನು ಕೂರ್ತೇನೆ ಎಂದು ಇನ್ನೊಬ್ಬ. ದೋಸೆಗೆ ಕಾಯುತ್ತಿದ್ದವರು ದೋಸೆ ಮರೆತು ನೋಡಿದರು. ಇದೆಂತ ಎಂದು ಕೊರಗಪ್ಪ ಕೇಳಿದಾಗ ಇಬ್ಬರೂ ಒಂದೇ ಉತ್ತರ ಕೊಟ್ಟರು, ಸರ್ ಹೇಳಿದ್ದಾರೆ. ಹತ್ತು ನಿಮಿಷದಲ್ಲಿ ಶಿವಪುತ್ರಪ್ಪನ ಫೋನು ಬಡಿದುಕೊಂಡಿತು.

"ಮಾಸ್ಟ್ರೇ, ನನ್ನ ನಂತರ ಹೋಟೆಲಿಗೆ ಯಜಮಾನ ಯಾರೂಂತ ನೀವು ಯಾವ ಕಮಿಟಿಯಲ್ಲಿ ಪಾಸ್ ಮಾಡಿದ್ದು?"

ಶಿವಪುತ್ರಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ತಿಳಿಯದ ಪ್ರಶ್ನೆಗೆ ಅವನು ಸಾಮಾನ್ಯವಾಗಿ ಕೊಡುವ ಉತ್ತರವನ್ನೇ ಕೊಟ್ಟ, ಚೀಟಿ ನೋಡ್ರಿ, ಚೀಟಿಯೊಳಗ ತಪ್ಪು ಕೂಡಂಗಿಲ್ಲ ಎಂದ. ನಾಳೆ ಮೇಡಂ ಬರ್ತಾರಲ್ಲ, ಅವರ ಎದುರೇ ನೋಡುವ ಎಂದು ಕೊರಗಪ್ಪ ಫೋನಿಟ್ಟ.

ರವಿವಾರ ಕೋಣೆ ತುಂಬಿತು. ಇಷ್ಟು ವರ್ಷದಲ್ಲಿ ಒಬ್ಬ ಪಾಲಕರೂ ಹತ್ತದ ಮೆಟ್ಟಿಲನ್ನು ಅಂದು ಎಲ್ಲರೂ ಹತ್ತಿದರು. ಕೊರಗಪ್ಪ ಹೆಂಡತಿ ಅಕ್ಕುವಿನ ಜೊತೆ ಬಂದ, ಇಬ್ಬರು ಅಳಿಯಂದಿರು ಅವನ ಆಚೆ ಈಚೆ ಕೂತರು. ರಾಚವ್ವ ನವೀನನ ರಟ್ಟೆ ಹಿಡಿದು ಬಂದಳು. ಬಸಲಿಂಗವ್ವ ಎಲಿ ಅಡಿಕಿಯ ಚೀಲ ಸೊಂಟಕ್ಕೆ ಸಿಕ್ಕಿಸಿ ಗೋಡೆಗೆ ಒರಗಿದಳು. ಬಾಗಿಲ ಹೊರಗೆ ಝುಂಬಾದ ಇಬ್ಬರು ಹೆಂಗಸರು ಕೋಣೆಯ ಉದ್ದಗಲ ಕಣ್ಣಲ್ಲೇ ಅಳೆಯುತ್ತಿದ್ದರು.

ಜ್ಯೋತ್ಸ್ನಾ ಮೇಡಂ ಚೀಟಿಗಳನ್ನು ಕೈಗೆತ್ತಿಕೊಂಡು, ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ತಾನು ಎಲ್ಲೂ ನೋಡಿಲ್ಲ ಎಂದರು. ಶಿವಪುತ್ರಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. ಮೇಡಂ ಸುಮ್ಮನೆ ತಮಾಷೆಗೆಂದು 'ಅಪ್ಪ' ಎಂಬ ತುಂಡನ್ನು 'ಹೆತ್ತವಳು' ಎಂಬ ತುಂಡಿಗೆ ಹಿಡಿದರು. ಟಕ್. ಅವರ ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಯಕ್ಷಿತಾ ಧೈರ್ಯ ಹೇಳಿದಳು, "ಕರೆಕ್ಟ್ ಉಂಟು ಮೇಡಂ. ನಮ್ಮ ಅಜ್ಜ ಅಪ್ಪೆ ಹೇಳ್ತಾರೆ." ಮೇಡಂ 'ಹೆಂಡತಿ'ಯನ್ನು 'ಅವ್ವನ ತಮ್ಮ' ಜೊತೆ ಕೂಡಿಸಿದರು. ಟಕ್. 'ಗಂಡ'ನನ್ನು 'ಅಪ್ಪನ ತಾಯಿ' ಜೊತೆ. ಟಕ್.

"ಶಿವಪುತ್ರಪ್ಪನವರೇ, ಇದರಲ್ಲಿ ಕೂಡದ ಜೋಡಿ ಯಾವುದು?"

ಶಿವಪುತ್ರಪ್ಪ ಮಂಡಿಯೂರಿ ಕೂತ. ಒಂದು ತುಂಡು ಎತ್ತಿದ, ಇನ್ನೊಂದಕ್ಕೆ ಹಿಡಿದ. ಕೂಡಿತು. ಬಿಡಿಸಿ ಬೇರೆ ಹಿಡಿದ. ಅದೂ ಕೂಡಿತು. ಡಬ್ಬಿಯ ಲಾಕು ಸಡಿಲ ಎಂದು ಗಿರಾಕಿಗಳಿಂದ ಬೈಸಿಕೊಂಡು ದಿನ ಕಳೆದ ಮನುಷ್ಯ ಅಂದು ಮೊದಲ ಬಾರಿಗೆ, ಒಂದಾದರೂ ಸಡಿಲಾಗಲಿ ದೇವರೇ ಎಂದು ಬೇಡಿದ. ಒಂದೂ ಆಗಲಿಲ್ಲ. ಜಗತ್ತಿನಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ಏನು ಬೇಕಾದರೂ ಆಗಬಹುದು ಎಂದು ಆ ರಟ್ಟು ಟಕ್ ಟಕ್ ಎಂದು ಹೇಳುತ್ತಲೇ ಹೋಯಿತು. ಮುಂಬಯಿಯಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ವ್ಯಾಕರಣದ ಪರೀಕ್ಷೆಯಲ್ಲಿ ನಡೆಯುವುದಿಲ್ಲ.

"ಯಾವುದೂ ಇಲ್ರೀ ಮೇಡಂ" ಎಂದ ಅವನು ಕೊನೆಗೆ. "ಒಂದ ಅಚ್ಚಿನೊಳಗ ಹೊಡದೀನ್ರಿ."

ಬಾಗಿಲ ಹೊರಗಿನ ಝುಂಬಾ ಒಂದು ಹೆಜ್ಜೆ ಒಳಗೆ ಬಂತು.

ಮೊದಲು ಅರ್ಥವಾದದ್ದು ರಾಚವ್ವನಿಗೆ. ಹಂಗಾದ್ರ ಚೀಟಿಗಿ ನಮ್ಮ ಮನೀ ಸುದ್ದಿ ಗೊತ್ತ ಇರಲಿಲ್ಲೇನು ಎಂದು ಕೇಳಿದಳು. ಗೊತ್ತಿರಲಿಲ್ಲ ಎಂದ ಶಿವಪುತ್ರಪ್ಪ, ಯಾವ ಸುದ್ದಿ ಎಂದು ಈಗಲೂ ತಿಳಿಯದೆ. ನವೀನ ಅಜ್ಜಿಯ ಕಡೆ ತಿರುಗಿದ. "ಆದ್ರ ನಮ್ಮ ಮನ್ಯಾಗ ಅದು ಖರೇ ಐತಲ್ಲ ಅಜ್ಜಿ? ಮಮ್ಮಿಗೆ ಪಪ್ಪಾ ಮೊದಲ ಮಾವ, ಆಮ್ಯಾಲ ಗಂಡ. ತಪ್ಪು ಹ್ಯಾಂಗ ಆಗ್ತದ?" ಅಡ್ಡಾದಿಡ್ಡಿ ಕನ್ನಡ, ಆದರೆ ಇಡೀ ವಾಕ್ಯ. ರಾಚವ್ವ ಉತ್ತರ ಕೊಡಲೇಬೇಕಾಯಿತು. ಅಕ್ಕನ ಮಗಳನ್ನು ತರುವುದು ಊರ ಕಡೆಯ ಪದ್ಧತಿ ಎಂದು ಅವಳು ಹೇಳಿದ್ದು ಯಕ್ಷಿತಾಳಿಗೆ ಸೋಜಿಗವಾಗಿ, ತನ್ನ ಅಜ್ಜಿ ಅಕ್ಕುವನ್ನು ಕೇಳಿದಳು, ಅಕ್ಕು ತಮ್ಮ ಕಡೆ ಹಾಗಿಲ್ಲ ಎಂದಳು, ಯಾಕಿಲ್ಲ ಎಂದು ನವೀನ. ಮಕ್ಕಳು ತುಂಡುಗಳನ್ನು ಎತ್ತಿ ಎತ್ತಿ ಹಿರಿಯರ ಮಡಿಲಿಗೆ ಹಾಕಿ, ಇದು ಯಾರು, ಇದು ಹೇಗೆ ಎಂದು ಹಿಡಿದರು. ವಾರವೆಲ್ಲ ಮನೆಯಲ್ಲಿ ಇದೇ ಜಗಳ ಮಾಡಿ ಬಂದವರು, ಮಾತು ಬಾಯಿತುದಿಯಲ್ಲಿತ್ತು. ಪ್ರಶ್ನೆ ಕೇಳಲೆಂದು ಬಂದ ಮೇಡಂಗೆ ಕೇಳಲು ಸಂದು ಸಿಗಲಿಲ್ಲ. ಅವರು ಚಾಪೆಯ ತುದಿಯಲ್ಲಿ ಕೂತು ಕೇಳಿಸಿಕೊಳ್ಳತೊಡಗಿದರು.

ಆಗ ಯಕ್ಷಿತಾ ಗಲ್ಲಾದಿಂದ ಕಿತ್ತು ತಂದ ಚೀಟಿಯನ್ನು ಅಜ್ಜನ ಕೈಗೆ ಕೊಟ್ಟಳು. "ಅಜ್ಜ, ನಮಗೆ ಅಳಿಯ ಎರಡು ಉಂಟಲ್ಲ. ಕಾರ್ಡ್ ಒಂದೇ ಯಾಕೆ?"

ಸುಹಾಸ ಸೂರು ನೋಡಿದ, ಹಿತೇಶ್ ಫೋನು ನೋಡಿದ. ಇಷ್ಟು ವರ್ಷ ಯಾರಿಗೂ ಇಲ್ಲ ಎನ್ನದೆ ಬದುಕಿದ ಕೊರಗಪ್ಪ ಚೀಟಿಯನ್ನು ತಿರುವಿದ, ಲಡ್ಡು ನೋಡಿದ, ಮತ್ತೆ ತಿರುವಿದ. ಆಮೇಲೆ 'ಅಳಿಯ'ನನ್ನು ಮೆಲ್ಲಗೆ ಬಿಡಿಸಿ ಚಾಪೆಯ ಮೇಲಿಟ್ಟ. ಉಳಿದ 'ಮನೆ ನಡೆಸುವವರು' ತುಂಡಿಗೆ ಕೈಗೆ ಸಿಕ್ಕ 'ಹೆಂಡತಿ'ಯನ್ನು ಸೇರಿಸಿದ. ಟಕ್.

"ಇದೂ ಕೂಡ್ತದಲ್ಲ" ಎಂದು ನಗಿಸಲು ನೋಡಿದ.

ಅಕ್ಕು ಕೈ ಚಾಚಿ ಚೀಟಿ ತೆಗೆದುಕೊಂಡಳು. "ಎಲ್ಲರ ಎದುರು ಕೂಡಿಸಿದ್ರಿ. ಇನ್ನು ಬಿಡಿಸ್ಲಿಕ್ಕಿಲ್ಲ" ಎಂದು ಅದನ್ನು ಪರ್ಸಿನಲ್ಲಿಟ್ಟಳು. ಅಳಿಯಂದಿರು ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಮುಖದಲ್ಲೂ ಇದ್ದದ್ದು ನೆಮ್ಮದಿಯಂತೆಯೇ ಕಾಣುತ್ತಿತ್ತು.

ಗೋಡೆಗೆ ಒರಗಿದ್ದ ಬಸಲಿಂಗವ್ವ ಈಗ ಮೊಮ್ಮಗಳನ್ನು ಕರೆದಳು. "ಆಯಿ ಅಂತ ಬರದದ್ದು ಎಲ್ಲೈತಿ? ಅದರ ಇನ್ನೊಂದು ತುಂಡು ಯಾವುದ, ಇವತ್ತ ಹೇಳಿಬಿಡು."

ರೂಪಾಲಿ ಹುಡುಕಿ 'ಆಯಿ'ಯನ್ನು ತಂದಳು. ಒಂದು ಕೈಯಲ್ಲಿ 'ಹೆತ್ತವಳು', ಇನ್ನೊಂದರಲ್ಲಿ 'ಅಪ್ಪನ ತಾಯಿ'. ಎರಡನ್ನೂ ನೋಡಿದಳು.

"ಸಾಲ್ಯಾಗ ಇದು" ಎಂದಳು ರೂಪಾಲಿ ನಿಧಾನವಾಗಿ. "ಮನ್ಯಾಗ ಇದು. ಎರಡೂ ಫಿಟ್ ಆಗ್ತದ, ಆಯಿ."

ಬಸಲಿಂಗವ್ವ ಸ್ವಲ್ಪ ಹೊತ್ತು ಅಡಿಕೆ ಅಗಿದಳು. "ಸಾಲಿ ಸಂಜೀಕ ಬಿಡ್ತೈತಿ" ಎಂದಳು. "ಮನಿ ಬಿಡೂದಿಲ್ಲ." ಯಾವ ತುಂಡೂ ಬೇಡವೆಂದು ಎರಡನ್ನೂ ಚಾಪೆಗೆ ಹಾಕಿ, 'ಆಯಿ' ಎಂದು ಬರೆದದ್ದನ್ನು ಮಾತ್ರ ಎಲಿ ಅಡಿಕಿಯ ಚೀಲದೊಳಗೆ ಇಳಿಸಿ ದಾರ ಎಳೆದಳು.

ಜ್ಯೋತ್ಸ್ನಾ ಮೇಡಂ ಎದ್ದರು. ಚೀಟಿ ಪೂರ್ತಿ ತಪ್ಪು, ಇದನ್ನು ಯಾರಿಗೂ ತೋರಿಸಬೇಡಿ ಎಂದರು. ಮಕ್ಕಳ ಕನ್ನಡದ ಬಗ್ಗೆ ತಾನು ಕೇಳಬೇಕಾದದ್ದೇನೂ ಉಳಿದಿಲ್ಲ ಎಂದರು. ಮುಂದಿನ ಸಲ ಕತ್ತರಿ ಬಳಸಿ, ಮತ್ತು ದಯವಿಟ್ಟು ಬಾಯಿ ಬಿಡಿ ಎಂದು ಶಿವಪುತ್ರಪ್ಪನಿಗೆ ಹೇಳಿ, ಬಾಂದ್ರಾದ ಲೋಕಲ್ ಹಿಡಿಯಲು ಇಳಿದುಹೋದರು.

ಕೋಣೆ ರವಿವಾರ ಕನ್ನಡಕ್ಕೇ ಉಳಿಯಿತು. ಝುಂಬಾ ಶನಿವಾರ ಸಂಜೆಗೆ ಹೋಯಿತು, ಸಾವಕ್ಕನೂ ಸೇರಿದಳು. ಹೋಟೆಲಿನ ಗಲ್ಲಾದ ಮೇಲೆ ಈಗ ಅಕ್ಕು ಕೂರುತ್ತಾಳೆ. ರಾಚವ್ವನ ಸೊಸೆಯ ಬಗ್ಗೆ ಚಾಳಿನವರು ಒಂದು ವಾರ ಮಾತಾಡಿ, ನಲ್ಲಿಗೆ ನೀರು ಬಾರದೆ ಹೋದಾಗ ಆ ವಿಷಯಕ್ಕೆ ತಿರುಗಿದರು. ಸಂಘದ ಕಮಿಟಿ ಸಭೆ ಸೇರಿ, ಸರ್ವಾನುಮತದಿಂದ, ಶಿವಪುತ್ರಪ್ಪ ಸರ್ ಅವರಿಗೆ ಒಂದು ಕತ್ತರಿ ಕೊಡಿಸಿತು.